ಮೇಷ್ಟ್ರಿಗೆ ಗೆಲಾಕ್ಸಿ ತೋರಿಸಿದ್ದು

ನನ್ನ ಮಗಳ ಮಗಳು ಸಿಂಚನಾಳಿಗೆ ತಾರಾಗುಮ್ಮಟದ ಗಾಡಿಯಲ್ಲಿ ವಿವರಣೆ ಹೇಳುವ ಕೆಲಸ ಸಿಕ್ಕಿದೆ. ಸುದ್ದಿ ಬಂದಾಗಿನಿಂದ ನಾನು ಕೂತಲ್ಲಿ ಕೂರುತ್ತಿಲ್ಲ. ಹುಣಸೂರು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳಿಗೂ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ, "ಅದೇನ್ ಕೆಲ್ಸ ಕಣಕ್ಕ, ಗೌರ್ಮೆಂಟಾ?" ಅಂದಳು. "ಗೌರ್ಮೆಂಟಲ್ಲ ಕಣವ್ವ, ಆಕಾಶದ್ದು" ಅಂದೆ. ಆಕೆ ಆಮೇಲೆ ಕಿಟಕಿ ಕಡೆ ತಿರುಗಿ ಕೂತವಳು ಇಳಿಯುವವರೆಗೂ ಈ ಕಡೆ ನೋಡಲಿಲ್ಲ.

ನಾನೂ ಹಿಂದೆ ಅದೇ ಗಾಡಿಯಲ್ಲಿ ದುಡಿದವಳು ಅಂತ ಸಿಂಚನಾಳ ಜೊತೆ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು, "ಅಜ್ಜಿ, ಆ ಕೆಲ್ಸ ನಿಜವಾಗ್ಲೂ ಎಂಗಿರ್ತದೆ?" ಅಂತ ಕೇಳಿದರು. ಬಾಯಿಗೆ ಬಂದಷ್ಟು ಹೇಳಿದೆ. ಅವರು ಹೋದ ಮೇಲೆ, ಹೇಳದೆ ಉಳಿದದ್ದೇ ಜಾಸ್ತಿ ಅನ್ನಿಸಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ಸಿಂಚನಾ ತಿದ್ದುತ್ತಾಳೆ, ಮಾತು ಮಾತ್ರ ಮುಟ್ಟಕೂಡದು ಅಂತ ಹೇಳಿದ್ದೇನೆ. ಸಂಬಳ ಎಷ್ಟಿತ್ತು, ಯಾವಾಗ ಕಾಯಂ ಆಯಿತು, ಅದನ್ನೆಲ್ಲ ಬರೆಯುವುದಿಲ್ಲ. ಅದರಿಂದ ನಿಮಗೇನೂ ಉಪಯೋಗವಿಲ್ಲ.

ಗಾಡಿ ಮೈಸೂರಿನ ಒಂದು ಸಂಸ್ಥೆಯದು. ಅದರೊಳಗೆ ಒಂದು ದೊಡ್ಡ ಬಟ್ಟೆಯ ಗುಮ್ಮಟವನ್ನು ಹಾಸಿಗೆಯಂತೆ ಸುತ್ತಿ ಇಟ್ಟಿರುತ್ತಾರೆ. ಶಾಲೆಯ ಅಂಗಳದಲ್ಲಿ ಹಾಸಿ, ಗಾಳಿ ಊದುವ ಯಂತ್ರ ಹಚ್ಚಿದರೆ ಪೂರಿಯ ಹಾಗೆ ಉಬ್ಬಿ ನಿಲ್ಲುತ್ತದೆ. ಮಕ್ಕಳು ಬಟ್ಟೆಯ ಸುರಂಗದಲ್ಲಿ ತೆವಳಿಕೊಂಡು ಒಳಗೆ ಹೋಗಿ ಅಂಗಾತ ಮಲಗಬೇಕು. ನಡುವೆ ಇಟ್ಟ ಯಂತ್ರದ ಗುಂಡು ಗಾಜಿನಿಂದ ಆಕಾಶ ಹೊರಟು ತಲೆಯ ಮೇಲೆಲ್ಲ ಹರಡುತ್ತದೆ. ಹೊರಗೆ ನಡುಮಧ್ಯಾಹ್ನ, ಒಳಗೆ ನಕ್ಷತ್ರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ನಮ್ಮ ಪಾಲಿನದು.

ನನ್ನ ಹೆಸರು ಗೌರಮ್ಮ, ಹುಣಸೂರಿನಲ್ಲಿ ರವಿಕೆ ಹೊಲಿಯುತ್ತಿದ್ದವಳು. ಒಂದು ದಿನ ಗಾಡಿಯ ಡ್ರೈವರ್ ಸ್ವಾಮಿ ಹರಿದ ಗುಮ್ಮಟವನ್ನು ಹೊತ್ತು ತಂದು ಅಂಗಡಿಯ ಮುಂದೆ ಕೆಡವಿದ. "ಅಕ್ಕ, ನಾಳೆ ಬೆಳಿಗ್ಗೆಗೆ ಬೇಕು. ಗಟ್ಟಿಯಾಗಿ ಹೊಲಿ" ಅಂದ. ಬಟ್ಟೆ ದಪ್ಪ, ನನ್ನ ಮಿಷನ್ನಿಗೆ ಹತ್ತಲಿಲ್ಲ. ಹೊಗೆಸೊಪ್ಪಿನ ಬೇಲು ಹೊಲಿಯುವ ದಬ್ಬಳವನ್ನು ಪಕ್ಕದ ಮಂಡಿಯಿಂದ ಇಸಕೊಂಡು ಬಂದು ಕೈಯಲ್ಲೇ ಹೊಲಿದೆ. ನಾಯಿ ಹಿಡಿದು ಎಳೆದರೂ ಬಿಚ್ಚಬಾರದು, ಅಂಥ ಹೊಲಿಗೆ.

ಮಾರನೆಯ ದಿನ ಸ್ವಾಮಿ ಮತ್ತೆ ಬಂದ. "ಮೇಷ್ಟ್ರು ಕರೀತಾವ್ರೆ, ಬಾ." ಬೈಸಿಕೊಳ್ಳುವುದಕ್ಕೇ ಕರೆದಿದ್ದಾರೆ ಅಂದುಕೊಂಡು ಹೋದೆ. ಮೇಷ್ಟ್ರು ಅಂದರೆ ಶಿವರುದ್ರಪ್ಪನವರು, ಭೇರ್ಯದವರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾಗಿ ಗಾಡಿಗೆ ವಿವರಣೆಕಾರರಾಗಿ ಬಂದಿದ್ದವರು. ನನ್ನನ್ನು ಗುಮ್ಮಟದೊಳಗೆ ಮಲಗಿಸಿ, ಆಕಾಶ ತೋರಿಸುವ ಯಂತ್ರ ಆರಿಸಿದರು. ಮೇಲೆ ನೋಡಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಲು ಸಾಲು ನಕ್ಷತ್ರ! ನನ್ನ ದಬ್ಬಳದ ತೂತುಗಳಲ್ಲಿ ಬಿಸಿಲು ಬರುತ್ತಿತ್ತು.

"ಈ ಸಾಲನ್ನ ಬೆಳಿಗ್ಗೆ ಮಕ್ಕಳು ಯಾವ ನಕ್ಷತ್ರ ಅಂತ ಕೇಳಿದ್ರು ಕಣಮ್ಮ. ಏನ್ ಹೇಳ್ಲಿ? ಗೌರಮ್ಮ ನಕ್ಷತ್ರ ಅನ್ಲಾ?"

ನನಗೆ ನಗು ಬಂತು, ಅವರೂ ನಕ್ಕರು. ಒಳಗಿನಿಂದ ಕಪ್ಪು ತೇಪೆ ಕೊಟ್ಟು, ಸಣ್ಣ ಸೂಜಿಯಲ್ಲಿ ಹೊಲಿದು, ಮೇಣ ತಿಕ್ಕಬೇಕು ಅಂತ ತಿಳಿದದ್ದು ಆವತ್ತು. ಕತ್ತಲೆಗೆ ಹೆದರುವ ಮಕ್ಕಳನ್ನು ಹಿಡಿದು ಕೂರಲು ಒಬ್ಬ ಹೆಂಗಸು ಬೇಕಿತ್ತು, ಹಾಗೇ ಕೆಲಸಕ್ಕೆ ಉಳಿದೆ.

ಈ ಕೆಲಸದಲ್ಲಿ ಮೊದಲು ನೋಡಬೇಕಾದದ್ದು ನೆಲ. ಭೇರ್ಯದ ಹತ್ತಿರ ಒಂದು ಊರಿನಲ್ಲಿ ಶಾಲೆಯ ಅಂಗಳ ಸಾಲದೆ, ಆಗತಾನೇ ಭತ್ತ ಬಡಿದು ಖಾಲಿ ಮಾಡಿದ್ದ ಕಣದಲ್ಲಿ ಗುಮ್ಮಟ ಎಬ್ಬಿಸಿದೆವು. ಕಣ ಸಮತಟ್ಟಾಗಿ ಚೆನ್ನಾಗಿತ್ತು. ಊದುವ ಯಂತ್ರ ಹಚ್ಚಿದ್ದೇ ತಡ, ಸುತ್ತಲಿನ ಹೊಟ್ಟನ್ನೆಲ್ಲ ಎಳೆದು ಒಳಗೆ ತುಂಬಿತು. ಶನಿಗ್ರಹ ಬರುವ ಹೊತ್ತಿಗೆ ಮಕ್ಕಳೆಲ್ಲ ಮೈ ಕೆರೆದುಕೊಳ್ಳುತ್ತಿದ್ದರು. ಊರಿನ ಗೌಡರೊಬ್ಬರು, "ಆಕಾಸಕ್ ಓದ್ರೆ ಮೈ ಕಡೀತದೆ ಅನ್ನು!" ಅಂದರು. ಯಂತ್ರದ ಬಾಯಿ ಎತ್ತ ತಿರುಗಿದೆ, ಅಲ್ಲಿ ಏನು ಬಿದ್ದಿದೆ ನೋಡಿಕೊಳ್ಳದೆ ಸ್ವಿಚ್ ಮುಟ್ಟಬೇಡಿ.

ಇನ್ನು ಮೇಷ್ಟ್ರ ಕಣ್ಣಿನ ವಿಷಯ ಬರೆಯುತ್ತೇನೆ. ನಾನು ಬರೆಯಲು ಕೂತದ್ದೇ ಅದಕ್ಕೆ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಮೊದಮೊದಲು ವೈರು ಎಡವುತ್ತಿದ್ದರು. ಆಮೇಲೆ ಕಾಫಿ ಲೋಟಕ್ಕೆ ಕೈ ಚಾಚಿ ಪಕ್ಕದ ಗಾಳಿ ಹಿಡಿಯುತ್ತಿದ್ದರು. ಹೋದ ಬೆಳಕು ವಾಪಸು ಬರುವುದಿಲ್ಲ, ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ ಅಂತ ಮೈಸೂರಿನ ಡಾಕ್ಟರು ಹೇಳಿದ್ದರು. ಅದು ನನಗೆ, ಸ್ವಾಮಿಗೆ ಬಿಟ್ಟರೆ ಗಾಡಿಯ ಸಂಬಂಧದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಸ್ಥೆಯ ಮೇಡಂಗೆ ಗೊತ್ತಾದರೆ ಮೇಷ್ಟ್ರನ್ನು ಬಿಡಿಸುತ್ತಾರೆ, ಬಿಡಿಸಿದರೆ ಅವರ ಜಾಗಕ್ಕೆ ರೆಕಾರ್ಡು ಧ್ವನಿ ಬರುತ್ತದೆ. ಆ ಧ್ವನಿಯ ಪೆಟ್ಟಿಗೆ ಆಗಲೇ ಗಾಡಿಯಲ್ಲಿತ್ತು. ಒಮ್ಮೆ ಮೇಷ್ಟ್ರಿಗೆ ಜ್ವರ ಬಂದಾಗ ಹಾಕಿದ್ದೆವು. ಅರ್ಧ ಇಂಗ್ಲಿಷು, ಅರ್ಧ ಪುಸ್ತಕದ ಕನ್ನಡ, ಮಕ್ಕಳು ತಂಪಿಗೆ ಸುಖವಾಗಿ ನಿದ್ದೆ ಹೋದರು. ಮೇಷ್ಟ್ರು ಹೇಳುವಾಗ ಒಂದು ಮಗುವೂ ಕಣ್ಣು ಮುಚ್ಚುತ್ತಿರಲಿಲ್ಲ. ಅವರ ಮಾತು ಗುಮ್ಮಟದೊಳಗೆ ಉಳಿಯುತ್ತದೋ ಇಲ್ಲವೋ, ಅದೊಂದೇ ನಮ್ಮ ಚಿಂತೆ.

ಗುಮ್ಮಟದಲ್ಲಿ ಹಾಕುವ ಹಳೆಯ ಚಿತ್ರಗಳೆಲ್ಲ ಅವರಿಗೆ ಬಾಯಿಪಾಠ. ಸಂಗೀತ ಬದಲಾದ ಕೂಡಲೇ ಮೇಲೆ ಏನು ಬಂತು ಅಂತ ಗೊತ್ತಾಗುತ್ತಿತ್ತು. ಆದರೆ ಆ ವರ್ಷ ಹೊಸ ಚಿತ್ರವೊಂದು ಬಂತು. ಗೆಲಾಕ್ಸಿಗಳು ಮೊಟ್ಟಮೊದಲು ಹೇಗೆ ಗೊಂಚಲು ಕಟ್ಟಿದವು ಅನ್ನುವುದರ ಬಗ್ಗೆ. ಬಾಹ್ಯಾಕಾಶಕ್ಕೆ ಕಳಿಸಿದ ಹೊಸ ದೂರದರ್ಶಕ ತೆಗೆದ ಪಟಗಳು ಅದರಲ್ಲಿದ್ದವು. ಮೇಷ್ಟ್ರಿಗೆ ಜೀವಮಾನವಿಡೀ ಆಸೆಯಿದ್ದ ವಿಷಯ. ಪಟ ಕೈಗೆ ಬಂತು, ಕಣ್ಣು ಹೋಗಿತ್ತು.

"ಗೌರಮ್ಮ, ನೀವು ನೋಡಿ ಹೇಳಿ. ನಾನು ಕೇಳಿ ಕಲೀತೀನಿ" ಅಂದರು.

ಸ್ವಾಮಿ ತಲೆ ಕೆರೆದುಕೊಂಡ. "ಮೇಷ್ಟ್ರೇ, ಇದು ಮೋಸ ಅಲ್ವಾ? ಕಾಣ್ದೇ ಇರೋದನ್ನ ಕಂಡಂಗೆ ಹೇಳೋದು?"

"ಲೋ ಸ್ವಾಮಿ, ಕಣ್ಣಿದ್ದಾಗ್ಲೂ ನಾನೇನು ಆ ಗೆಲಾಕ್ಸಿಗೆ ಹೋಗಿ ಬಂದಿದ್ನಾ? ಯಾರೋ ನೋಡಿದ್ದನ್ನ ನಂಬಿ ಹೇಳ್ತಿದ್ದೆ. ಈಗ ಗೌರಮ್ಮನ್ನ ನಂಬ್ತೀನಿ, ಅಷ್ಟೇ."

"ಅವ್ರು ದೊಡ್ಡ ದೊಡ್ಡ ಸೈಂಟಿಸ್ಟು. ಇವ್ಳು ರವಿಕೆ ಒಲ್ಯೋಳು ಕಣ್ರೀ!"

"ಎಲಾ ಇವ್ನಾ! ನಿನ್ ಹೆಂಡ್ತಿ ರವಿಕೆ ಒಪ್ಪ ಆಗಿಲ್ಲ ಅಂತ ಯಾವತ್ತಾರ ಅಂದವ್ಳಾ?" ಅಂತ ನಾನು ರೇಗಿದೆ. ಅವನು ನಗುತ್ತಾ ಗುಮ್ಮಟ ಊದಲು ಹೋದ.

ರಜೆಯಲ್ಲಿದ್ದ ಒಂದು ಶಾಲೆಯ ಅಂಗಳದಲ್ಲಿ ನಾವು ಮೂವರೇ. ನಾನು ಅಂಗಾತ ಮಲಗಿದೆ. ಮೇಷ್ಟ್ರು ಪಕ್ಕದಲ್ಲಿ ಮಂಡಿಗೆ ಕೈ ಕಟ್ಟಿ ಕೂತರು. ಚಿತ್ರ ಶುರುವಾಯಿತು. ಮೊದಲು ಏನೋ ಇಂಗ್ಲಿಷ್ ಅಕ್ಷರ ಬಂದು ಹೋಯಿತು, ನನಗೆ ಓದಲು ಬರಲಿಲ್ಲ.

"ಏನ್ ಕಾಣ್ತದೆ?"

"ದೊಡ್ ದೊಡ್ಡವು ಒತ್ತೊತ್ತಾಗಿ ಅವೆ ಮೇಷ್ಟ್ರೇ. ಎಲ್ಲಾ ಹಳದಿ. ನಡುವೆ ಒಂದು ಭಾರೀದು ಯಜಮಾನನಂಗೆ ಕೂತದೆ."

"ಸರಿ. ಅದು ಬೆಳೆದ ಗೊಂಚಲು. ಹಳದಿ ಅಂದ್ರೆ ಮುದಿ ನಕ್ಷತ್ರಗಳು. ಅಲ್ಲಿ ಹೊಸ ನಕ್ಷತ್ರ ಹುಟ್ಟೋದು ಹೆಚ್ಚುಕಮ್ಮಿ ನಿಂತೋಗಿದೆ. ಮುಂದೆ?"

"ಮುಂದೆ ಜಗಳ ಆದಂಗೆ ಚದುರೋಯ್ತಾ ಅವೆ."

ಮೇಷ್ಟ್ರ ಹುಬ್ಬು ಗಂಟಾಯಿತು. "ಚದುರಬಾರದು. ಕೂಡಬೇಕು."

"ನಾನೇನ್ ಮಾಡ್ಲಿ? ಚದುರ್ತಾ ಅವೆ. ಆ ಯಜಮಾನನೂ ಒಡೆದು ನಾಕೈದು ಚೂರಾದ. ಹಳದಿ ಇದ್ದವು ನೀಲಿ ಆದವು. ಸಣ್ಣಗಾದವು."

ನಾನು ತಪ್ಪು ನೋಡಿದೆನೇನೋ ಅಂತ ಹೆದರಿ ಕಣ್ಣುಜ್ಜಿಕೊಂಡೆ. ಅಷ್ಟರಲ್ಲಿ ಮೇಷ್ಟ್ರು ತೊಡೆ ತಟ್ಟಿದರು. "ಚಿತ್ರ ಹಿಂದಕ್ಕೆ ಓಡ್ತಾ ಇದೆ ಗೌರಮ್ಮ! ಇವತ್ತಿಂದ ಶುರು ಮಾಡಿ ಹಳೇ ಕಾಲಕ್ಕೆ ಹೋಗ್ತಿದ್ದಾರೆ."

"ಓ, ಅಂಗಾ! ಒಲಿಗೆ ಬಿಚ್ಚಿ ನೋಡೋದು ಅನ್ನಿ."

ಯಾರಾದರೂ ಒಪ್ಪವಾದ ಹಳೆಯ ರವಿಕೆ ತಂದು, ಇದೇ ಥರ ಬೇಕು ಅಂದರೆ, ನಾವು ಅದರ ಹೊಲಿಗೆ ಬಿಚ್ಚಿ ನೋಡುತ್ತೇವೆ. ಕೊನೆಗೆ ಹಾಕಿದ ಹೊಲಿಗೆ ಮೊದಲು ಬಿಚ್ಚುತ್ತದೆ, ಮೊದಲು ಹಾಕಿದ್ದು ಕೊನೆಗೆ. ಬಿಚ್ಚಿದರೇನೇ ಕಟ್ಟಿದ್ದು ಹೇಗೆ ಅಂತ ತಿಳಿಯುವುದು. ಇದನ್ನು ಹೇಳಿದಾಗ ಮೇಷ್ಟ್ರು, "ಆ ಮಾತು ನನಗೆ ಕೊಡಿ, ಮಕ್ಕಳಿಗೆ ಹೇಳ್ತೀನಿ" ಅಂದರು. ಕೊಟ್ಟೆ.

ಚಿತ್ರ ಹಿಂದಕ್ಕೆ ಹೋಗಿ ಹೋಗಿ ಪೂರಾ ಕತ್ತಲಾಯಿತು. ಆಮೇಲೆ ಮುಂದಕ್ಕೆ ತಿರುಗಿತು. ಕತ್ತಲಲ್ಲಿ ಜೇಡರ ಬಲೆಯಂಥ ಎಳೆಗಳು ಕಾಣಿಸಿಕೊಂಡವು. ಎಳೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ ಹೊತ್ತಿಕೊಂಡಿತು. ಎಳೆಗೆ ಎಳೆ ಕೂಡುವ ಕಡೆ ಚುಕ್ಕಿ ಜಾಸ್ತಿ.

"ನಾಕು ಒಲಿಗೆ ಕೂಡೋ ಕಡೆ ಬಟ್ಟೆ ದಪ್ಪ ಆಗ್ತದಲ್ಲ, ಕಂಕುಳ ಹತ್ರ, ಅಂಗೆ" ಅಂದೆ.

"ಹಾಗೇ. ಆ ಎಳೆಗಳು ಕಪ್ಪುದ್ರವ್ಯದ್ದು. ಯಾವ ಕಣ್ಣಿಗೂ ಕಾಣಲ್ಲ, ಚಿತ್ರದಲ್ಲಿ ಬಿಡಿಸಿ ತೋರಿಸಿರ್ತಾರೆ. ಅದರ ತೂಕಕ್ಕೆ ಎಲ್ಲಾ ಆ ಕಡೆ ಜಾರ್ತವೆ. ಸಣ್ಣವು ಸೇರಿ ದೊಡ್ಡದಾಗ್ತವೆ, ದೊಡ್ಡವು ಸೇರಿ ಇನ್ನೂ ದೊಡ್ಡದು. ಕೋಟಿ ಕೋಟಿ ವರ್ಷ ಹಿಡೀತದೆ."

"ಮೊದ್ಲು ಮನೆ ಆಗಿ ಆಮೇಲೆ ಊರಾಯ್ತಾ, ಇಲ್ಲಾ ಊರಾಗಿ ಆಮೇಲೆ ಮನೆಯಾ?"

"ಮೊದಲು ಗುಡಿಸಲು ಬರ್ತವೆ. ಆದ್ರೆ ಮನೆ ಪೂರಾ ಬೆಳೆದ ಮೇಲೆ ಊರಾಗಿದ್ದಲ್ಲ. ಊರು ಕೂಡ್ತಾ ಕೂಡ್ತಾನೇ ಮನೆಗಳೂ ಬೆಳೆದವು. ಎರಡೂ ಒಟ್ಟಿಗೆ."

ಆಮೇಲೆ ದೂರದರ್ಶಕದ ನಿಜವಾದ ಪಟ ಬಂತು. ಕಪ್ಪು ಸೀರೆಯ ಮೇಲೆ ಕುಂಕುಮ ಉದುರಿದ ಹಾಗೆ ಕೆಂಪು ಚುಕ್ಕಿಗಳು. ಕೆಲವಕ್ಕೆ ಸುತ್ತ ಗೆರೆ ಹಾಕಿದ್ದರು. ಅವು ಸಾವಿರ ಕೋಟಿ ವರ್ಷಕ್ಕೂ ಹಿಂದಿನ ಎಳೆಯ ಗೊಂಚಲು ಅಂತ ಮೇಷ್ಟ್ರು ಹೇಳಿದರು. ನಾನು ಒಪ್ಪಲಿಲ್ಲ. "ಪಕ್ಕಪಕ್ಕ ಕಂಡೋವೆಲ್ಲ ನೆಂಟ್ರಾ ಮೇಷ್ಟ್ರೇ? ಬಸ್ ಸ್ಟ್ಯಾಂಡಲ್ಲಿ ನಿಂತೋರೆಲ್ಲ ಒಂದೇ ಮನೆಯೋರಾ? ಒಂದು ಅತ್ರ ಇರ್ಬೋದು, ಇನ್ನೊಂದು ಅದ್ರ ಇಂದೆ ದೂರ್ದಲ್ಲಿ ಇರ್ಬೋದು."

ಅವರಿಗೆ ಬಹಳ ಸಂತೋಷವಾಯಿತು. ದೂರದಿಂದ ಬಂದಷ್ಟೂ ಬೆಳಕು ಹಿಗ್ಗಿ ಕೆಂಪಾಗುತ್ತದೆ, ಅದು ಎಷ್ಟು ಹಿಗ್ಗಿದೆ ಅಂತ ಅಳೆಯುತ್ತಾರೆ, ಅಳತೆ ಒಂದೇ ಬಂದವು ಮಾತ್ರ ಒಂದೇ ಕಡೆಯವು ಅಂತ ವಿವರಿಸಿದರು. "ಇದೇ ಪ್ರಶ್ನೆ ಯಾವುದಾದ್ರೂ ಮಗು ಕೇಳಬೇಕು ಅಂತ ಇಷ್ಟು ವರ್ಷ ಕಾಯ್ತಿದ್ದೆ. ನೀವು ಕೇಳಿಬಿಟ್ರಿ" ಅಂದರು.

ಹೀಗೆ ಚಿತ್ರ ಪೂರಾ ಅವರ ತಲೆಗೆ ಹೋಯಿತು. ಪ್ರದರ್ಶನದಲ್ಲಿ ನಾನು ಅವರ ಪಕ್ಕ ಕೂತು, ಪಟ ಬದಲಾದಾಗ ಮಣಿಕಟ್ಟು ಒತ್ತುತ್ತಿದ್ದೆ. ಎಲ್ಲಿಯೂ ತಪ್ಪಲಿಲ್ಲ. ಎಚ್.ಡಿ. ಕೋಟೆಯ ಕಾಡಂಚಿನ ಶಾಲೆಯಲ್ಲಿ ಮಕ್ಕಳು ಇನ್ನೊಂದ್ಸಲ ಹಾಕಿ ಅಂತ ಹಟ ಮಾಡಿದರು. ಬೈಲಕುಪ್ಪೆಯಲ್ಲಿ ಮರಿ ಲಾಮಾಗಳು ಕೆಂಪು ಬಟ್ಟೆಯನ್ನು ಮೊಣಕಾಲ ಮೇಲೆ ಎತ್ತಿಕೊಂಡು ಸುರಂಗದಲ್ಲಿ ತೆವಳುತ್ತಾ ಒಬ್ಬರ ಕಾಲನ್ನೊಬ್ಬರು ಎಳೆಯುತ್ತಿದ್ದರು. ಅಲ್ಲಿ ಮೊಮ್ಮಗುವಿನ ಜೊತೆ ಒಳಗೆ ಬಂದಿದ್ದ ಒಬ್ಬ ಟಿಬೆಟ್ ಅಜ್ಜಿ ಚಿತ್ರ ಮುಗಿದ ಮೇಲೂ ಏಳಲಿಲ್ಲ. ಮೇಷ್ಟ್ರ ಕೈ ಹಿಡಿದು, "ನಮ್ದೂ ಇಂಗೇ. ಮೊದ್ಲು ಟೆಂಟು. ಒಂದು ಅಲ್ಲಿ, ಒಂದು ಇಲ್ಲಿ. ರಾತ್ರಿ ದೀಪ ದೂರ ದೂರ. ಈಗ ಊರು" ಅಂದರು. ಆಕೆಯ ಮುಖ ಮೇಷ್ಟ್ರಿಗೆ ಕಾಣಲಿಲ್ಲ. ಎಂಥ ಮುಖ ಅಂತ ಆಮೇಲೆ ನನ್ನನ್ನು ಕೇಳಿದರು. ಎಷ್ಟು ಹೇಳಿದರೂ ಪೂರ್ತಿ ಹೇಳಲು ನನಗೆ ಆಗಲಿಲ್ಲ.

ಹಾರನಹಳ್ಳಿ ಕಡೆಯ ಒಂದು ಶಾಲೆಗೆ ಹೋದಾಗ ಮೇಡಂ ಮೈಸೂರಿನಿಂದ ನೋಡಲು ಬಂದರು. ಮೇಡಂ ಕಟ್ಟುನಿಟ್ಟಿನವರು, ಕೆಟ್ಟವರಲ್ಲ. ಮಕ್ಕಳ ಜೊತೆ ತೆವಳಿಕೊಂಡೇ ಒಳಗೆ ಬಂದು ಸುರಂಗದ ಬಾಯಿಯ ಹತ್ತಿರ ಕೂತರು. ಬ್ಯಾರನ್ ಮನೆಗಳಲ್ಲಿ ಒಲೆ ಹಾಕಿ ಹೊಗೆಸೊಪ್ಪು ಬೇಯಿಸುವ ಕಾಲ. ಮಕ್ಕಳ ಬಟ್ಟೆಯಲ್ಲೆಲ್ಲ ಬ್ಯಾರನ್ನಿನ ವಾಸನೆ ಇತ್ತು.

ಎಲ್ಲಾ ಸರಿಯಾಗೇ ನಡೆಯಿತು. ಕೆಂಪು ಚುಕ್ಕಿಗಳ ಪಟ ಬಂದಾಗ ಒಬ್ಬಳು ಹುಡುಗಿ ಎದ್ದು ಕೂತಳು.

"ಸಾ, ಅಲ್ಲೊಂದು ಬ್ಯಾರೆ ಥರ ಐತಲ್ಲ, ಅದೇನು ಸಾ?"

"ಎಲ್ಲಿ ಮಗಳೇ?"

"ಅಲ್ಲೇ ಸಾ, ನನ್ ಬೆಟ್ ನೋಡಿ."

ನಾನು ಮೇಷ್ಟ್ರ ಕಿವಿಗೆ ಬಾಯಿ ತಂದೆ. ಅವರು ನನ್ನ ಕೈ ಗಟ್ಟಿಯಾಗಿ ಒತ್ತಿ ತಡೆದರು.

"ನಿನ್ನ ಬೆರಳು ನನಗೆ ಕಾಣಲ್ಲ ಮಗಳೇ" ಅಂದರು. ದನಿ ಎಂದಿನಂತೆಯೇ ಇತ್ತು. "ಮೇಲೆ ಇರೋ ಯಾವುದೂ ಕಾಣಲ್ಲ. ನನ್ನ ಕಣ್ಣು ಹೋಗಿದೆ. ಅದು ಹೆಂಗಿದೆ ಅಂತ ನೀನು ಹೇಳು, ಏನು ಅಂತ ನಾನು ಹೇಳ್ತೀನಿ."

ನಾನು ಮೇಡಂ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಯಂತ್ರ ನಡೆಸುತ್ತಿದ್ದ ಸ್ವಾಮಿ ಪಟವನ್ನು ಹಾಗೇ ನಿಲ್ಲಿಸಿದ.

ಹುಡುಗಿ ಯೋಚಿಸಿ ಹೇಳಿದಳು. "ಸಾ, ಬ್ಯಾರನ್ ಒಲೆ ಬಾಯನ್ನ ಒಲದಾಚೆಯಿಂದ ನೋಡ್ದಂಗೆ ಐತೆ. ಕೆಂಪಗೆ. ಮುಂದೆ ಒಗೆ ಕಟ್ಕಂಡಂಗೆ ಮಬ್ಬು."

ಮೇಷ್ಟ್ರ ಮುಖ ಅರಳಿದ್ದನ್ನು ನಾನು ಆ ಮಬ್ಬು ಬೆಳಕಿನಲ್ಲೇ ಕಂಡೆ. "ಸರಿಯಾಗಿ ನೋಡಿದ್ದೀಯ. ಅದು ಒಲೆಯೇ. ಗೊಂಚಲು ಕೂಡೋ ಕಾಲದಲ್ಲಿ ಕೆಲವು ಗೆಲಾಕ್ಸಿಗಳು ಹುಚ್ಚೆದ್ದು ನಕ್ಷತ್ರ ಹುಟ್ಟಿಸ್ತವೆ. ಸುತ್ತ ದೂಳು ಕವಿದಿರ್ತದೆ, ಅದಕ್ಕೇ ಇನ್ನೂ ಕೆಂಪು, ಇನ್ನೂ ಮಬ್ಬು. ಪಕ್ಕದಲ್ಲಿ ಇನ್ನೇನಿದೆ?"

"ನಾನೇಳ್ತೀನಿ ಸಾ!" "ಲೇ, ನೀನ್ ಸುಮ್ಕಿರ್ಲಾ, ನಾನ್ ಮೊದ್ಲು ನೋಡಿದ್ದು!" ಅಂತ ಮಕ್ಕಳು ಮುಗಿಬಿದ್ದರು. ಒಬ್ಬ, ಎರಡು ಗುದ್ದಾಡ್ತಾ ಅವೆ ಅಂದ. ಮೇಷ್ಟ್ರು, ಗುದ್ದಾಟ ಅಲ್ಲ, ಎರಡು ಒಂದಾಗೋದು ಹಾಗೇ ಕಾಣ್ತದೆ ಅಂದರು. ಇನ್ನೊಬ್ಬ, ಒಂದಕ್ಕೆ ಬಾಲ ಇದೆ ಅಂದ. ಗಂಟೆ ಹೊಡೆದದ್ದೂ ಯಾರಿಗೂ ಕೇಳಲಿಲ್ಲ. ಅಂಥ ಪ್ರದರ್ಶನವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಹೊರಗೆ ಬಂದ ಮೇಲೆ ಮೇಡಂ ಮೇಷ್ಟ್ರಿಗೆ ಕುರ್ಚಿ ಹಾಕಿಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದೇ ಕಷ್ಟವಾಯಿತು.

"ಮೇಷ್ಟ್ರೇ, ಇವತ್ತಿನಂಥದ್ದು ನಾನು ಎಲ್ಲೂ ನೋಡಿಲ್ಲ. ಆದ್ರೆ ಕತ್ತಲಲ್ಲಿ ಐವತ್ತು ಮಕ್ಕಳು ಇರ್ತಾರೆ. ಒಂದು ಮಗು ತಲೆ ಸುತ್ತಿ ಬಿದ್ರೆ, ವೈರು ಸುಟ್ರೆ, ನೀವು ಹೇಗೆ ನೋಡ್ತೀರಿ? ಹೊಣೆ ಹೊತ್ತವರಿಗೆ ಕಣ್ಣು ಇರಬೇಕು."

"ಸರಿ ಮೇಡಂ" ಅಂದರು ಮೇಷ್ಟ್ರು. ಸ್ವಾಮಿ ಗಾಡಿಯ ಹಿಂದೆ ಹೋಗಿ ನಿಂತುಕೊಂಡ. ಮೇಷ್ಟ್ರನ್ನು ಗಾಡಿಯಲ್ಲೇ ಭೇರ್ಯಕ್ಕೆ ಬಿಡಲು ಹೋದೆವು. ಮನೆಯ ಮುಂದೆ ಇಳಿದು ಮೇಷ್ಟ್ರು, "ರೆಕಾರ್ಡು ಹಾಕಿ. ಆದ್ರೆ ಮಧ್ಯೆ ಮಧ್ಯೆ ನಿಲ್ಸಿ, ಏನು ಕಾಣ್ತದೆ ಅಂತ ಮಕ್ಕಳನ್ನ ಕೇಳಿ ಗೌರಮ್ಮ" ಅಂದರು.

ಕೇಳಿದೆ. ಮಕ್ಕಳು ಹೇಳಿದರು. ಅದು ಏನು ಅಂತ ವಾಪಸು ಹೇಳುವವರು ಮಾತ್ರ ಇರಲಿಲ್ಲ. ನನಗೆ ತಿಳಿದಷ್ಟು ಹೇಳುತ್ತಿದ್ದೆ, ತಿಳಿಯದ್ದನ್ನು ತಿಳಿಯದು ಅನ್ನುತ್ತಿದ್ದೆ. ತಿಳಿಯದ್ದೇ ಜಾಸ್ತಿ. ಸುರಂಗದಲ್ಲಿ ತೆವಳಲು ಮಂಡಿ ಒಪ್ಪದ ಕಾಲಕ್ಕೆ ಕೆಲಸ ಬಿಟ್ಟೆ.

ಈಗ ಸಂಸ್ಥೆಯವರು ರೆಕಾರ್ಡು ತೆಗೆದುಹಾಕಿ, ನಮ್ಮ ಕಡೆಯ ಮಾತಿನಲ್ಲಿ ಹೇಳುವವರನ್ನೇ ಸೇರಿಸಿಕೊಳ್ಳುತ್ತಿದ್ದಾರೆ. ಅದನ್ನು ಹಟ ಹಿಡಿದು ಮಾಡಿಸಿದ್ದು ಅದೇ ಮೇಡಂ. ಕೆಲಸ ಶುರು ಮಾಡುವ ಮೊದಲು ಭೇರ್ಯಕ್ಕೆ ಹೋಗಿ ಮೇಷ್ಟ್ರ ಹತ್ತಿರ ಕಲಿತು ಬನ್ನಿ ಅಂತಲೂ ಅವರೇ ಹೇಳಿ ಕಳಿಸಿದ್ದಾರೆ. ಸಿಂಚನಾ ಹೋಗುವಾಗ ನನ್ನನ್ನು ಬಿಟ್ಟು ಹೋಗಲು ನಾನು ಬಿಡುತ್ತೇನೆಯೇ? ಹೊಸ ಸೀರೆ ಉಟ್ಟು ಹೊರಟೆ.

ಮೇಷ್ಟ್ರು ಈಗ ಬೆಳಕು ಕತ್ತಲೆ ಎರಡನ್ನೂ ಕಾಣರು. ಜಗಲಿಯ ಮಂಚದ ಮೇಲೆ ಕೂತಿದ್ದರು. ನನ್ನ ದನಿ ಕೇಳಿ, "ಬಂದ್ರಾ ಟೈಲರಮ್ಮ" ಅಂದರು. ಸಿಂಚನಾ ಅವರ ಕಾಲಿಗೆ ಬಿದ್ದಳು. ಈಚೆಗೆ ಬಂದ ಪಟವೊಂದನ್ನು ಲ್ಯಾಪ್‌ಟಾಪಿನಲ್ಲಿ ತೆಗೆದು, "ಸರ್, ಇದು ಆದಿಕಾಲದ ಗೆಲಾಕ್ಸಿ ಗುಚ್ಛ, ರೂಪುಗೊಳ್ಳುವ ಹಂತದಲ್ಲಿ..." ಅಂತ ಶುರು ಮಾಡಿದಳು.

"ಅದು ಹೆಸರು. ಕಾಣ್ತಿರೋದೇನು?"

ಅವಳು ನನ್ನ ಮುಖ ನೋಡಿದಳು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅವಳು ಪಟಕ್ಕೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ಖಾಲಿನೇ ಜಾಸ್ತಿ ಇದೆ ಸರ್. ನಡುವೆ ಮೂರು ಒಟ್ಟಿಗಿವೆ, ಕಡ್ಲೆಕಾಳಿನ ಹಂಗೆ. ಒಂದು ಸೊಟ್ಟ."

ಮೇಷ್ಟ್ರು ಮಂಚದ ಮೇಲಿನ ಹೊದಿಕೆಯನ್ನು ಅಂಗೈಯಿಂದ ಸವರಿ ಸಾಪು ಮಾಡಿದರು. ನಡುವೆ ಮೂರು ಸಲ ಬೆರಳೂರಿದರು. "ಇಲ್ಲಿ. ಆಮೇಲೆ?"

"ಎಡಕ್ಕೊಂದು. ಮೇಲೆ ಎರಡು, ತೀರಾ ಮಸುಕು."

ಬೆರಳು ಅಲ್ಲಲ್ಲಿ ಊರುತ್ತಾ ಹೋಯಿತು. "ಆಯ್ತಾ?"

"ಇನ್ನೊಂದಿದೆ ಸರ್. ಒಂಟಿ. ಇನ್ನೂ ಆಚೆ."

"ಎಷ್ಟು ಆಚೆ?"

ಸಿಂಚನಾ ಅವರ ಕೈ ಹಿಡಿದು ಹೊದಿಕೆಯ ಮೇಲೆ ಜರುಗಿಸಿದಳು. ಹೊದಿಕೆ ಮುಗಿಯಿತು, ಮಂಚವೂ ಮುಗಿಯಿತು. ಅವರ ಕೈಯನ್ನು ಮಂಚದ ಆಚೆ ಗಾಳಿಯಲ್ಲಿ ಹಿಡಿದು ನಿಲ್ಲಿಸಿ ಅವಳು ಕೇಳಿದಳು, "ಇಷ್ಟು ದೂರದ್ದೂ ಬಂದು ಸೇರ್ತದಾ ಸರ್?"

"ಸೇರಿ ಎಷ್ಟೋ ಕಾಲ ಆಯ್ತು ಮಗಳೇ. ಸೇರಿದ್ದನ್ನ ತೋರ್ಸೋ ಬೆಳಕು ಇನ್ನೂ ದಾರೀಲಿದೆ, ನಮಗೆ ಬಂದು ಮುಟ್ಟಿಲ್ಲ ಅಷ್ಟೇ" ಅಂದರು ಮೇಷ್ಟ್ರು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಹೂಂ, ಅದರ ಬಣ್ಣ ಹೇಳು."